ಎಂಜಿ ಇಂಜಿನ್: ಮೊದಲಿನದೋ, ಆಮೇಲಿನದೋ?

ಬೆಂಗಳೂರಲ್ಲಿ ಎಂಜಿ ಟಿಡಿ ಅನ್ನುವ ಹಳೇ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಮಾರಾಟಕ್ಕೆ ಬಂದಿದೆ ಅಂತ ಗೊತ್ತಾದರೆ ಹತ್ತು ವರ್ಷದ ಹಿಂದೆ ಜನ ರೇಟು ಕೇಳುತ್ತಿದ್ದರು. ಈಗ ಮೊದಲು ಕೇಳೋದು ‘ಇಂಜಿನ್ ಅದರದ್ದೇನಾ?’ ಅಂತ. ಮಾರುವವರು ಹೌದು ಅಂತಾರೆ. ನೋಡೋಕೆ ಬಂದ ಇನ್ನೊಬ್ಬರು, ಇದು ಟಿಡಿಗಿಂತ ಮೊದಲು ಬಂದ ಟಿಸಿ ಮಾಡೆಲ್ಲಿನ ಇಂಜಿನ್ ಅಂತಾರೆ. ಮೂರನೆಯವರು ಟಾರ್ಚ್ ಹಿಡಿದು ಬಗ್ಗಿ, ಬ್ಲಾಕ್ (ಸಿಲಿಂಡರ್‌ಗಳಿರುವ ಮೈ) ಆರಂಭದ ಟಿಡಿಯದು, ಹೆಡ್ (ಅದರ ಮೇಲೆ ಕೂರುವ ಭಾಗ) ಆಮೇಲಿನದು ಅಂತ ತೀರ್ಪು ಕೊಡ್ತಾರೆ. ಎಷ್ಟೋ ಸಲ ಮೂವರ ಮಾತೂ ಅಷ್ಟಿಷ್ಟು ಸರಿಯೇ ಇರುತ್ತೆ.

ಇಲ್ಲಿ ಹೇಳ್ತಿರೋದು ಎಕ್ಸ್‌ಪಿಎಜಿ ಅನ್ನೋ ಇಂಜಿನ್ ಬಗ್ಗೆ. 1250 ಸಿಸಿ, ನಾಲ್ಕು ಸಿಲಿಂಡರ್, ಪೆಟ್ರೋಲಿಗೆ ಗಾಳಿ ಬೆರೆಸೋಕೆ ಎಸ್‌ಯು ಕಂಪನಿಯ ಎರಡು ಕಾರ್ಬುರೇಟರ್. ಈಗ ಔಟರ್ ರಿಂಗ್ ರೋಡಲ್ಲಿ ಓಡಾಡುವ ಎಂಜಿ ಎಲೆಕ್ಟ್ರಿಕ್ ಗಾಡಿಗಳಿಗೂ ಇದಕ್ಕೂ ಹೆಸರೊಂದೇ ನಂಟು.

2021ರ ಜುಲೈ ತನಕ ಈ ವಾದವೆಲ್ಲ ಭಾನುವಾರದ ಹರಟೆ ಆಗಿತ್ತು. ಆ ತಿಂಗಳು ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳ ನೋಂದಣಿಗೆ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು. ಗಾಡಿ ಮೂಲ ರೂಪದಲ್ಲೇ ಇರಬೇಕು. ಚಾಸಿ, ಬಾಡಿ ಶೆಲ್, ಇಂಜಿನ್ ಇವುಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷದ ಅವಧಿ, ನಂಬರ್ ಪ್ಲೇಟಲ್ಲಿ ‘ವಿಎ’ ಅಕ್ಷರ. ಕಾಗದದ ಮೇಲೆ ಓದಿದರೆ ಯಾರೂ ತಕರಾರು ಮಾಡುವ ಹಾಗಿಲ್ಲ. ಆದರೆ ಎಂಜಿಯ ವಿಷಯದಲ್ಲಿ ‘ಮೂಲ ರೂಪ’ ಅಂದರೆ ಯಾವ ತಿಂಗಳಿನ ರೂಪ? ಈ ಇಂಜಿನ್ ಕಾರ್ಖಾನೆಯಲ್ಲಿದ್ದಾಗಲೇ ಒಂದೇ ಥರ ಇರಲಿಲ್ಲ.

ಕಥೆಯ ಉದ್ದದ ಭಾಗವನ್ನು ಬೇಗ ಮುಗಿಸಿಬಿಡೋಣ. 1936ರ ಟಿಎ ಕಾರಿನಲ್ಲಿ ಉದ್ದ ಸ್ಟ್ರೋಕಿನ, ಅಂದರೆ ಪಿಸ್ಟನ್ ಹೆಚ್ಚು ದೂರ ಓಡುವ, 1292 ಸಿಸಿ ಇಂಜಿನ್ ಇತ್ತು. 1939ರಲ್ಲಿ ಟಿಬಿ ಬಂತು, ಜೊತೆಗೆ ಎಕ್ಸ್‌ಪಿಎಜಿ ಬಂತು. 379 ಕಾರು ಆಗುವಷ್ಟರಲ್ಲಿ ಯುದ್ಧ. 1945ರಲ್ಲಿ ಟಿಸಿ, 1949ರ ಕೊನೆಗೆ ಟಿಡಿ, 1953ರಲ್ಲಿ ಟಿಎಫ್, ಆಮೇಲೆ ಅದಕ್ಕೇ 1466 ಸಿಸಿ ಇಂಜಿನ್. 1955ಕ್ಕೆ ಎಲ್ಲ ಮುಗಿಯಿತು. ಟಿಸಿ ಸುಮಾರು 10,000 ತಯಾರಾದರೆ, ಟಿಡಿ 30,000ದ ಹತ್ತಿರ ಹೋಯಿತು. ಹಾಗಾಗಿ ನಮ್ಮ ಗೊಂದಲದಲ್ಲಿ ಮುಕ್ಕಾಲು ಪಾಲು ಟಿಡಿಯದ್ದೇ.

ಈ ಇಂಜಿನ್ ಸ್ಪೋರ್ಟ್ಸ್ ಕಾರಿಗೆ ಅಂತಲೇ ಹುಟ್ಟಿದ್ದಲ್ಲ ಅನ್ನೋದು ಗೊತ್ತಿರಬೇಕು. ಎಂಜಿಯ ಒಡೆತನವಿದ್ದ ಮೋರಿಸ್ ಕಂಪನಿಯ ಮೋರಿಸ್ 10 ಸೀರೀಸ್ ಎಂ ಅನ್ನುವ ಮನೆಮಂದಿಯ ಕಾರಿನ 1140 ಸಿಸಿ ಇಂಜಿನ್ನೇ ಇದರ ಮೂಲ. ಸ್ಟ್ರೋಕ್ ಎರಡರಲ್ಲೂ 90 ಮಿಲಿಮೀಟರ್. ಬೋರ್, ಅಂದರೆ ಸಿಲಿಂಡರಿನ ಅಗಲ, ಮಾತ್ರ ಮೋರಿಸ್‌ನಲ್ಲಿ 63.5, ಎಂಜಿಯಲ್ಲಿ 66.5. ಅದೇ ಮೋರಿಸ್ 10 ನಮ್ಮ ದೇಶದಲ್ಲಿ ಹಿಂದೂಸ್ತಾನ್ 10 ಆಗಿ ಬಂತು. ಹಿಂದೂಸ್ತಾನ್ ಮೋಟಾರ್ಸ್‌ನ ಮೊದಲ ಕಾರು ಅದು. ಅಂದರೆ ಎಂಜಿಯ ಸೋದರ ಸಂಬಂಧಿ ಇಂಜಿನ್ ಇಲ್ಲೇ ಜೋಡಣೆ ಆಗ್ತಿತ್ತು. ಬಿಡಿಭಾಗದ ಆಮದು ಬಿಗಿಯಾದ ಕಾಲದಲ್ಲಿ ಮೆಕ್ಯಾನಿಕ್‌ಗಳ ಕಣ್ಣು ಮೊದಲು ಹೋಗಿದ್ದು ಆ ಕಡೆಗೇ. 1959ರ ನಂತರ ಅಂಬಾಸಿಡರ್‌ನ 1489 ಸಿಸಿ ಇಂಜಿನ್ ಸಿಗತೊಡಗಿತು. ಎಷ್ಟೋ ಟಿಡಿ, ಟಿಸಿಗಳ ಬಾನೆಟ್ ಕೆಳಗೆ ಅದೂ ಬಂದು ಕೂತಿತು. ತಮಾಷೆ ಅಂದರೆ, ಟಿಎಫ್ ನಂತರ ಬಂದ ಎಂಜಿಎ ಕಾರಿಗೆ ಕಂಪನಿಯೇ ಹಾಕಿದ್ದು ಅದೇ ಕುಟುಂಬದ 1489 ಸಿಸಿ ಇಂಜಿನ್.

ದಂಡು ಪ್ರದೇಶದ ಬಂಗಲೆಗಳಲ್ಲಿ, ಕೊಡಗು, ಚಿಕ್ಕಮಗಳೂರಿನ ತೋಟದ ಮನೆಗಳಲ್ಲಿ ಇದ್ದ ಈ ಕಾರುಗಳು ರಿಪೇರಿಗೆ ಬರುತ್ತಿದ್ದುದು ಇದೇ ಊರಿಗೆ. ಕೆಲವನ್ನು ಮದ್ರಾಸ್ ಬಳಿಯ ಶೋಲಾವರಂ ರೇಸಿಗೂ ಒಯ್ದು ಬಂದರು. ಜೆ.ಸಿ. ರಸ್ತೆಯ ಅಂಗಡಿಗಳು, ಶಿವಾಜಿನಗರದ ಗುಜರಿ, ಆಮೇಲೆ ಪೀಣ್ಯದ ಲೇತ್‌ಗಳು. ಇಲ್ಲಿ ಸಿಗದ್ದನ್ನು ಮಾಡಿಕೊಂಡರು, ಮಾಡಲಾಗದ್ದನ್ನು ಬೇರೆ ಗಾಡಿಯಿಂದ ತಂದರು. ಆ ಕೆಲಸವನ್ನು ಈಗ ‘ಕೆಡಿಸಿದ್ದು’ ಅಂತ ಕರೆಯೋದು ಸುಲಭ. ಆದರೆ ಅವರು ಹಾಗೆ ಮಾಡದಿದ್ದರೆ ಇವತ್ತು ವಾದ ಮಾಡೋಕೆ ಗಾಡಿಗಳೇ ಉಳಿಯುತ್ತಿರಲಿಲ್ಲ, ಅಲ್ವಾ?

ಆ ಕಾಲದ ರಿಪೇರಿಯ ಗುರುತು ಬ್ಲಾಕಿನ ತೂತುಗಳಲ್ಲೇ ಸಿಗುತ್ತೆ. ಈ ಇಂಜಿನ್‌ಗಳು ತಯಾರಾಗಿದ್ದು ಕೊವೆಂಟ್ರಿಯಲ್ಲಿ. ಆ ಕಾರ್ಖಾನೆ ಮೊದಲು ಹಾಚ್‌ಕಿಸ್ ಅನ್ನುವ ಫ್ರೆಂಚ್ ಕಂಪನಿಯದಾಗಿತ್ತು. ಮೋರಿಸ್ ಅದನ್ನು 1923ರಲ್ಲಿ ಕೊಂಡಾಗ ಫ್ರೆಂಚ್ ಯಂತ್ರಗಳೂ ಜೊತೆಗೆ ಬಂದವು, ಅವುಗಳ ಮೆಟ್ರಿಕ್ ಥ್ರೆಡ್ಡೂ ಉಳಿದುಕೊಂಡಿತು. ಹಾಗಾಗಿ ಬೋಲ್ಟ್ ತಲೆಗೆ ಬ್ರಿಟಿಷ್ ವಿಟ್‌ವರ್ತ್ ಸ್ಪ್ಯಾನರ್ ಬೇಕು, ಕೆಳಗಿನ ಥ್ರೆಡ್ ಮೆಟ್ರಿಕ್. ಅದೂ ಮಾಮೂಲಿ ಮೆಟ್ರಿಕ್ ಅಲ್ಲ. ಅಂಗಡಿಯಲ್ಲಿ ಸಿಗುವ 8 ಮಿಲಿಮೀಟರ್ ಬೋಲ್ಟಿನ ಪಿಚ್, ಅಂದರೆ ಥ್ರೆಡ್‌ನ ಸುತ್ತುಗಳ ನಡುವಿನ ಅಂತರ, 1.25 ಮಿಲಿಮೀಟರ್. ಇದಕ್ಕೆ ಬೇಕಿರೋದು 1.0. ಮಾಮೂಲಿ ಬೋಲ್ಟ್ ಎರಡು ಸುತ್ತು ಸಲೀಸಾಗಿ ಹೋಗುತ್ತೆ, ಮೂರನೆಯದಕ್ಕೆ ಬಿಗಿಯುತ್ತೆ. ಅಲ್ಲಿ ಬಲ ಹಾಕಿದವರು ಥ್ರೆಡ್ ಹಾಳು ಮಾಡಿದರು. ಆಮೇಲೆ ಬಂದವರು ಸುಮ್ನೆ ದೊಡ್ಡ ಟ್ಯಾಪ್ ಹಾಕಿ ಹೊಸ ಥ್ರೆಡ್ ಕೊರೆದರು. ಹೀಗೆ ಒಂದೊಂದು ಬ್ಲಾಕಿನಲ್ಲಿ ಎರಡು ಮೂರು ಕಾಲದ ಥ್ರೆಡ್ ಸಿಗುತ್ತೆ.

ಈಗ ಗುರುತು ಹಿಡಿಯುವ ವಿಷಯಕ್ಕೆ ಬರೋಣ. ಎಲ್ಲರೂ ಮೊದಲು ನೋಡೋದು ಬ್ಲಾಕಿಗೆ ರಿವೆಟ್ ಹೊಡೆದ, ಇಂಜಿನ್ ನಂಬರ್ ಇರುವ ಎಂಟು ಮೂಲೆಯ ಹಿತ್ತಾಳೆ ಪಟ್ಟಿ. ಟಿಸಿ ಆದರೆ ಎಕ್ಸ್‌ಪಿಎಜಿ ಅಂತ ಇದ್ದು ಬರೀ ಅಂಕಿ. ಟಿಡಿ ಆದರೆ ನಡುವೆ ಟಿಡಿ ಅಂತ ಇರುತ್ತೆ, ಆಮೇಲಿನದರಲ್ಲಿ ಟಿಡಿ2. ಟಿಎಫ್‌ಗೆ ಟಿಎಫ್. ಎಂಜಿಯದೇ ವೈ ಅನ್ನುವ ಸಲೂನ್ ಕಾರಿನ ಒಂದೇ ಕಾರ್ಬುರೇಟರ್ ಇಂಜಿನ್‌ಗೆ ಎಸ್‌ಸಿ. ಇಷ್ಟೇ ಆಗಿದ್ದರೆ ಈ ಲೇಖನ ಬೇಕಿರಲಿಲ್ಲ. ಪಟ್ಟಿ ಹಿಡಿದಿರೋದು ಸಣ್ಣ ರಿವೆಟ್‌ಗಳಲ್ಲಿ. ಕಿತ್ತು ಇನ್ನೊಂದಕ್ಕೆ ಹೊಡೆಯೋಕೆ ಹತ್ತು ನಿಮಿಷ ಸಾಕು. ಹೊಸ ಖಾಲಿ ಪಟ್ಟಿಗಳೂ ಈಗ ದುಡ್ಡು ಕೊಟ್ಟರೆ ಸಿಗುತ್ತವೆ. ಆರ್‌ಸಿ ಪುಸ್ತಕದ ನಂಬರಿಗೆ ಹೊಂದಿಸೋಕೆ ಹಳೇ ಪಟ್ಟಿಯನ್ನೇ ಹೊಸ ಬ್ಲಾಕಿಗೆ ಹೊಡೆಯೋದು ಒಂದು ಕಾಲದಲ್ಲಿ ಮೋಸ ಅಂತ ಯಾರಿಗೂ ಅನಿಸಿರಲಿಲ್ಲ. ಆಫೀಸಿಗೆ ಅಲೆಯೋದು ತಪ್ಪುತ್ತಿತ್ತು, ಅಷ್ಟೇ.

ಹಾಗಾಗಿ ಪಟ್ಟಿ ಬಿಟ್ಟು ಕಬ್ಬಿಣ ನೋಡಬೇಕು. ಟಿಡಿ ತಯಾರಾಗುತ್ತಿದ್ದ ನಾಲ್ಕು ವರ್ಷದಲ್ಲಿ ಕಂಪನಿ ಸದ್ದಿಲ್ಲದೆ ಒಂದೊಂದೇ ಬದಲಾಯಿಸುತ್ತ ಹೋಯಿತು. ಇಂಜಿನ್ ನಂಬರ್ 9408ರಿಂದ ಕ್ಲಚ್ ಏಳೂಕಾಲು ಇಂಚಿನಿಂದ ಎಂಟು ಇಂಚಿಗೆ ಏರಿತು. ಟಿಡಿ2 ಅನ್ನುವ ಗುರುತು ಬಂದಿದ್ದು ಅಲ್ಲಿಂದಲೇ. ಮೊದಲಿನ ಇಂಜಿನ್‌ಗಳಲ್ಲಿ ಆಯಿಲ್ ಫಿಲ್ಟರ್ ಬೇರೆ ಡಬ್ಬಿಯಾಗಿ ಇದ್ದು, ಪೈಪುಗಳಿಂದ ಪಂಪಿಗೆ ಜೋಡಿಸಿರುತ್ತೆ. 14224ರ ಹೊತ್ತಿಗೆ ಫಿಲ್ಟರ್ ಪಂಪಿನ ಮೈಗೇ ಸೇರಿಕೊಂಡಿತು. ಇದನ್ನು ಗಾಡಿ ಬಿಚ್ಚದೆ ಹೊರಗಿನಿಂದಲೇ ನೋಡಬಹುದು. ಆದರೆ ಪಂಪ್ ಬೋಲ್ಟ್ ಮೇಲಿರುವ ವಸ್ತು, ಬದಲಾಗಿರಬಹುದು.

ನನ್ನ ಮಟ್ಟಿಗೆ ಜಾಸ್ತಿ ನಂಬಬಹುದಾದ ಗುರುತು ಇರೋದು ಹೆಡ್ ತೆಗೆದಾಗ. ಮೊದಲಿನ ಬ್ಲಾಕ್ ಮತ್ತು ಹೆಡ್‌ಗಳಲ್ಲಿ ನೀರು ಹೋಗುವ ಕಂಡಿಗಳು ಉದ್ದುದ್ದ, ಬಾಳೆಹಣ್ಣಿನ ಆಕಾರ. ಟಿಡಿಯ ಕೊನೇ ಹಂತದಲ್ಲಿ ಅವು ದುಂಡಗಿನ ತೂತುಗಳಾದವು, ಟಿಎಫ್‌ಗೂ ಹಾಗೇ ಮುಂದುವರಿದವು. ಹೆಡ್ ಮೇಲೆ ಎರಕದಲ್ಲೇ ಬಂದ ಅಂಕಿ ಇರುತ್ತೆ. 22952 ಅಂತಿದ್ದರೆ ಹಳೇದು, ಉದ್ದ ಕಂಡಿ. 168422 ಅಂತಿದ್ದರೆ ಆಮೇಲಿನ ಟಿಡಿಯ ದುಂಡು ಕಂಡಿ. 168425 ಅಂತಿದ್ದರೆ ಟಿಡಿಯ ಮಾರ್ಕ್ ಟೂ (ಹೆಚ್ಚು ಶಕ್ತಿಯ ಮಾಡೆಲ್, ಟಿಡಿ2 ಅಲ್ಲ) ಅಥವಾ ಟಿಎಫ್‌ನದು. ಈ ಕೊನೆಯದರಲ್ಲಿ ವಾಲ್ವ್ ದೊಡ್ಡದು: ಇನ್ಲೆಟ್ 33ರ ಬದಲು 36 ಮಿಲಿಮೀಟರ್, ಎಕ್ಸಾಸ್ಟ್ 31ರ ಬದಲು 34. ಕಂಡಿಯ ಆಕಾರ ಬೇರೆಯಾದ್ದಕ್ಕೇ, ಬ್ಲಾಕ್ ಮತ್ತು ಹೆಡ್ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್‌ನಲ್ಲೂ ಎರಡು ಜಾತಿ. ಹೆಡ್ಡಿನ ದಪ್ಪ ಅಳೆದು ಹೇಳುತ್ತೇನೆ ಅನ್ನುವವರೂ ಇದ್ದಾರೆ. ಹಳೇ ಹೆಡ್ 76.75 ಮಿಲಿಮೀಟರ್ ಇರಬೇಕು ಅನ್ನೋದು ನಿಜ. ಆದರೆ ನಮ್ಮಲ್ಲಿ ಬಿಸಿ ಏರಿ ಬಾಗಿದಾಗಲೆಲ್ಲ ಹೆರೆದು ಹೆರೆದು ಕೂರಿಸಿದ ಹೆಡ್‌ಗಳೇ ಎಲ್ಲ. ಆ ಅಳತೆ ಇಲ್ಲಿ ನಡೆಯೋದಿಲ್ಲ.

ಸ್ಪಾರ್ಕ್ ಪ್ಲಗ್ಗೂ ಒಂದು ಗುರುತು. ಉದ್ದ ಕಂಡಿಯ ಹೆಡ್ಡಿಗೆ ಅರ್ಧ ಇಂಚು ಉದ್ದದ ಥ್ರೆಡ್ಡಿನ ಪ್ಲಗ್, ದುಂಡು ಕಂಡಿಯದಕ್ಕೆ ಮುಕ್ಕಾಲು ಇಂಚಿನದು. ಯಾವ ಹೆಡ್ ಅಂತ ತಿಳಿಯದೆ ಉದ್ದ ಪ್ಲಗ್ ಹಾಕಿದರೆ ತುದಿ ಒಳಗೆ ಚಾಚಿಕೊಂಡು ಕಾವೇರುತ್ತೆ, ಚಾಚಿದ ಥ್ರೆಡ್ ಮೇಲೆ ಕಾರ್ಬನ್ ಕಟ್ಟಿ ಬಿಚ್ಚುವಾಗ ಹೆಡ್ಡಿನ ಥ್ರೆಡ್ಡನ್ನೂ ಕಿತ್ತುಕೊಂಡು ಬರುತ್ತೆ. ಮೊದಲಿನದೋ ಆಮೇಲಿನದೋ ಅನ್ನೋದು ಬರೀ ಬೆಲೆಯ ಪ್ರಶ್ನೆ ಅಲ್ಲ ಅಂತ ಹೇಳುವುದು ಇದಕ್ಕೇ.

ಇನ್ನೂ ಕಣ್ಣಿಗೆ ಬೀಳದ ಬದಲಾವಣೆ ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನದು. ಇಂಜಿನ್ ನಂಬರ್ 24116ರ ತನಕ ಟ್ಯಾಪೆಟ್ ಸಂದು (ವಾಲ್ವ್ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಜಾಗ) ಇಂಚಿನ ಸಾವಿರದಲ್ಲಿ 19 ಭಾಗ ಇಡಬೇಕಿತ್ತು. ಅಲ್ಲಿಂದಾಚೆಗೆ 12. ಕಾರ್ಖಾನೆಗೆ ಸದ್ದು ಕಮ್ಮಿ ಮಾಡಬೇಕಿತ್ತು, ಅದಕ್ಕೆ ಸೌಮ್ಯವಾದ ಕ್ಯಾಮ್ ಬಂತು. ಹಳೇ ಕ್ಯಾಮಿನಲ್ಲಿ ಇನ್ಲೆಟ್ ವಾಲ್ವ್ 248 ಡಿಗ್ರಿ ತೆರೆದಿರುತ್ತೆ, ಹೊಸದರಲ್ಲಿ 230. ಡಯಲ್ ಗೇಜ್ ಮತ್ತು ಡಿಗ್ರಿ ಚಕ್ರ ಇಟ್ಟು ತಾಳ್ಮೆಯಿಂದ ಅಳೆದರೆ ಗೊತ್ತಾಗುತ್ತೆ. ಆದರೆ ನಮ್ಮ ಗ್ಯಾರೇಜುಗಳಲ್ಲಿ ರಾಕರ್ ಕವರ್ ಮೇಲಿನ ತಗಡಿನಲ್ಲಿ ಏನು ಬರೆದಿದೆಯೋ ಅದನ್ನೇ ನಂಬುತ್ತಾರೆ. ಆ ಕವರನ್ನು ಬದಲಾಯಿಸೋಕೆ ಎರಡು ನಟ್ ಬಿಚ್ಚಿದರೆ ಸಾಕು.

ವಿಲ್ಸನ್ ಗಾರ್ಡನ್ನಿನ ಒಂದು ಗ್ಯಾರೇಜಿನಲ್ಲಿ ಇಂಥದೇ ಒಂದು ಇಂಜಿನ್ ಬಿಚ್ಚಿಟ್ಟಿದ್ದನ್ನು ನೋಡಿದೆ. ಪಟ್ಟಿಯ ಪ್ರಕಾರ ಆರಂಭದ ಟಿಡಿ. ಹೆಡ್ ಮೇಲೆ 168425. ರಾಕರ್ ಕವರ್ 19 ಅನ್ನುತ್ತಿತ್ತು. ಮೇಸ್ತ್ರಿ ಅಳೆದು ನೋಡಿ, ಕ್ಯಾಮ್ 12ರದ್ದು ಅಂದರು. ಫ್ಲೈವೀಲಿಗೆ ಎಂಟು ಇಂಚಿನ ಕ್ಲಚ್. ಅವರು ಯಾವುದನ್ನೂ ‘ತಪ್ಪು’ ಅನ್ನಲಿಲ್ಲ. ‘ಇದಕ್ಕೆ ದುಂಡು ಗ್ಯಾಸ್ಕೆಟ್, ಉದ್ದ ಪ್ಲಗ್, ಹನ್ನೆರಡರ ಗೇಜ್’ ಅಂತ ಸೀಮೆಸುಣ್ಣದಲ್ಲಿ ಬೆಂಚಿನ ಮೇಲೆ ಬರೆದಿಟ್ಟರು. ಹಿಂದಿನ ಮೇನ್ ಬೇರಿಂಗಿನ ಬಳಿ ಆಯಿಲ್ ಸೋರಿದ ಕಲೆ ಇತ್ತು. ಅದು ಮಾತ್ರ ಯಾವ ವರ್ಷದ ಎಕ್ಸ್‌ಪಿಎಜಿಯಲ್ಲೂ ಇರುತ್ತೆ, ಗುರುತಿಗೆ ಬರೋದಿಲ್ಲ.

ಇಂಜಿನ್ ಬಣ್ಣ ನೋಡಿ ತೀರ್ಮಾನ ಕೊಡುವವರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎಪ್ಪತ್ತು ವರ್ಷದಲ್ಲಿ ಎಷ್ಟು ಡಬ್ಬಿ ಬಣ್ಣ ಬಿದ್ದಿದೆಯೋ.

ಮೂಲ ತಯಾರಕರೂ ಈ ಕಲಬೆರಕೆಯಿಂದ ಹೊರಗಿಲ್ಲ. ಬ್ರಿಟನ್ನಿನಲ್ಲೇ ಹಳೇ ಇಂಜಿನ್ ಕೊಟ್ಟು ಕಾರ್ಖಾನೆಯಲ್ಲಿ ಸರಿಮಾಡಿದ ಇನ್ನೊಂದನ್ನು ಒಯ್ಯುವ ಪದ್ಧತಿ ಇತ್ತು. ಆಮೇಲೆ ಎಂಜಿಯ ಒಡೆತನ ಪಡೆದ ಬಿಎಂಸಿ ಕಂಪನಿಯ ‘ಗೋಲ್ಡ್ ಸೀಲ್’ ಇಂಜಿನ್‌ಗಳು ಹಾಗೆ ಬಂದವು. ಅಂದರೆ ಹುಟ್ಟಿದ ಇಂಜಿನ್ ಕಾರಿನ ಜೊತೆ ಕೊನೇ ತನಕ ಇರಬೇಕು ಅನ್ನುವ ಯೋಚನೆ ಕಾರು ಮಾರಿದವರಿಗೂ ಇರಲಿಲ್ಲ, ಕೊಂಡವರಿಗೂ ಇರಲಿಲ್ಲ. ಆ ಹಟ ಹುಟ್ಟಿದ್ದು ಈ ಗಾಡಿಗಳು ಓಡಾಟಕ್ಕಿಂತ ಹರಾಜಿಗೆ ಹೆಚ್ಚು ಬರತೊಡಗಿದ ಮೇಲೆ.

ನಿಯಮದಲ್ಲಿ ಹೇಳಿರುವ ‘ದೊಡ್ಡ ಬದಲಾವಣೆ’ಗೆ ಅಂಬಾಸಿಡರ್ ಇಂಜಿನ್ ಸೇರಬಹುದು, ಅದು ಒಪ್ಪುವ ಮಾತು. ಆದರೆ 1950ರ ಬ್ಲಾಕಿನ ಮೇಲೆ 1953ರ ಹೆಡ್ ಕೂತಿದ್ದರೆ ಅದನ್ನೂ ಅದೇ ತಕ್ಕಡಿಯಲ್ಲಿ ತೂಗಬೇಕಾ? ಬರೀ ಹಿತ್ತಾಳೆ ಪಟ್ಟಿ ಆರ್‌ಸಿಗೆ ಹೊಂದಿದರೆ ಸಾಕು ಅಂತ ಆದರೆ, ಪಟ್ಟಿ ಕಿತ್ತು ಹೊಡೆದವರು ಪಾಸಾಗ್ತಾರೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದವರು ಪರದಾಡ್ತಾರೆ. ಮೈಸೂರು ರಾಜ್ಯದ ಕಾಲದ ಎಂವೈ ನಂಬರಿನ ಹಳೇ ಆರ್‌ಸಿ ಇಟ್ಟುಕೊಂಡ ಕುಟುಂಬಗಳು ಅರ್ಜಿ ಹಾಕೋಕೆ ಹಿಂದೆಮುಂದೆ ನೋಡ್ತಿರೋದು ಇದೇ ಕಾರಣಕ್ಕೆ.

ಈ ನಡುವೆ ಬ್ರಿಟನ್ನಿನಿಂದ ಹೊಸದಾಗಿ ಎರಕ ಹೊಯ್ದ ಅಲ್ಯೂಮಿನಿಯಂ ಹೆಡ್‌ಗಳೂ ಸಿಗತೊಡಗಿವೆ. ಹಳೇ ಕಬ್ಬಿಣದ ಹೆಡ್ ಬಿರುಕು ಬಿಟ್ಟವರಿಗೆ ಅದೇ ಗತಿ. ಅದು ಮೊದಲಿನದೂ ಅಲ್ಲ, ಆಮೇಲಿನದೂ ಅಲ್ಲ. ಹಾಗಾಗಿ ಗಾಡಿ ಕೊಳ್ಳುವವರು ಪಟ್ಟಿಯ ಫೋಟೊ ಬೇಡ, ಹೆಡ್ ಅಂಕಿ, ಪಂಪಿನ ಫೋಟೊ, ಕ್ಲಚ್ ಅಳತೆ ಕೊಡಿ ಅಂತ ಕೇಳೋದು ಒಳ್ಳೇದು. ಕೊಡಲು ಒಲ್ಲೆ ಅನ್ನುವವರ ಗಾಡಿ ಎಷ್ಟೇ ಹೊಳೆಯುತ್ತಿದ್ದರೂ, ಗ್ಯಾಸ್ಕೆಟ್ ತರಿಸುವ ಮುಂಚೆ ಹೆಡ್ ಬಿಚ್ಚಿ ನೋಡೋದು ತಪ್ಪುವುದಿಲ್ಲ.