ಕಾಳಿಂಗ ಸರ್ಪಕ್ಕೆ ಹೆಸರು ಸಿಕ್ಕ ಬಗೆ

2024ರಲ್ಲಿ ಹಾವುಗಳ ಸಂಶೋಧಕ ಪಿ. ಗೌರಿಶಂಕರ್ ಮತ್ತು ಸಂಗಡಿಗರು ಪಶ್ಚಿಮ ಘಟ್ಟದ ಕಾಳಿಂಗ ಸರ್ಪವನ್ನು ‘ಓಫಿಯೊಫೇಗಸ್ ಕಾಳಿಂಗ’ ಎಂಬ ಪ್ರತ್ಯೇಕ ಪ್ರಭೇದವೆಂದು ವಿವರಿಸಿದಾಗ, ಕೊಟ್ಟಿಗೆಯ ಅಟ್ಟದಲ್ಲಿ ಅದನ್ನು ಎಷ್ಟೋ ಸಲ ಕಂಡಿದ್ದ ಮಲೆನಾಡಿನ ಹಿರಿಯರೊಬ್ಬರು ‘ಇದರಲ್ಲಿ ಹೊಸದೇನು ಮಾರಾಯ್ರೆ?’ ಎಂದು ನನ್ನನ್ನು ಕೇಳಿದರು. ಸರೀಸೃಪಗಳ ವರ್ಗೀಕರಣವನ್ನೇ ವೃತ್ತಿಯಾಗಿಸಿಕೊಂಡ ನನಗೆ ಉತ್ತರ ಹೇಳಿ ಮುಗಿಸಲು ಎರಡು ಲೋಟ ಕಾಫಿಯಷ್ಟು ಹೊತ್ತು ಬೇಕಾಯಿತು.

ಡೆನ್ಮಾರ್ಕಿನ ಥಿಯೊಡರ್ ಕ್ಯಾಂಟರ್ 1836ರಲ್ಲಿ ಬಂಗಾಳದ ಹಾವನ್ನು ನೋಡಿ ‘ಹಮಡ್ರಯಾಸ್ ಹನ್ನಾ’ ಎಂದು ಹೆಸರಿಟ್ಟಿದ್ದರು. ಹೆಸರಿನ ಮೊದಲ ಭಾಗವಾದ ಹಮಡ್ರಯಾಸ್ ಎಂಬ ಕುಲನಾಮ (ಹತ್ತಿರದ ಪ್ರಭೇದಗಳ ಗುಂಪಿನ ಹೆಸರು) ಅದಾಗಲೇ ಒಂದು ಚಿಟ್ಟೆಯ ಪಾಲಾಗಿದ್ದುದರಿಂದ ಆ ಭಾಗ ಬಿದ್ದುಹೋಗಿ, ಹಾವುಗಳನ್ನೇ ತಿನ್ನುವುದು ಎಂಬ ಅರ್ಥದ ‘ಓಫಿಯೊಫೇಗಸ್’ ಬಂತು. ‘ಹನ್ನಾ’ ಮಾತ್ರ ಉಳಿದುಕೊಂಡಿತು. ಮುಂದೆ ಭಾರತದಿಂದ ಫಿಲಿಪ್ಪೀನ್ಸ್‌ವರೆಗೆ ಸಿಕ್ಕ ಕಾಳಿಂಗಗಳೆಲ್ಲ ಆ ಒಂದೇ ಹೆಸರಿನಡಿ ಸೇರಿದವು.

ಹೀಗಾದದ್ದಕ್ಕೆ ಹಾವಿನ ಮೈಯೂ ಕಾರಣ. ಸಂಗ್ರಹಾಲಯದ ಜಾಡಿಯಿಂದ ಮಾದರಿಯನ್ನು ತೆಗೆದು, ಆಲ್ಕೋಹಾಲ್ ಒರೆಸಿ, ಸೂಜಿಯ ಮೊನೆಯಿಂದ ಹುರುಪೆಗಳನ್ನು ಒಂದೊಂದಾಗಿ ಎಣಿಸುತ್ತಾ ಹೋದರೆ ನಡುಮೈಯಲ್ಲಿ ಸಿಗುವುದು 15 ಸಾಲು. ಊರು ಬದಲಾದರೂ ಲೆಕ್ಕ ಬದಲಾಗುವುದಿಲ್ಲ. ತಲೆಯ ಹಿಂಭಾಗದ ಎರಡು ದೊಡ್ಡ ಹುರುಪೆಗಳೂ ಹಾಗೆಯೇ. ಗಂಟೆಗಟ್ಟಲೆ ಎಣಿಸಿದರೂ ವ್ಯತ್ಯಾಸ ಕೈಗೆ ಸಿಗದಿದ್ದರೆ ಬೇಸರ ಬರುವುದು ಸಹಜ. 2021ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಲ್ಲಿ ನಾಲ್ಕು ಬೇರೆ ಬೇರೆ ವಂಶಶಾಖೆಗಳು ಕಂಡವು. ಆದರೂ ಡಿಎನ್‌ಎ ಅಂತರವೊಂದನ್ನೇ ನೆಚ್ಚಿ ಹೆಸರಿಡುವುದನ್ನು ನಾನು ಒಪ್ಪುವವನಲ್ಲ. ಇಲ್ಲಿ ಮೈಮೇಲಿನ ಪಟ್ಟಿಗಳು ಸಾಕ್ಷಿಗೆ ಒದಗಿದವು: ನಮ್ಮ ಘಟ್ಟದ ಹಾವಿನ ಬಿಳಿಚು ಪಟ್ಟಿಗಳು 40ನ್ನು ಮೀರುವುದಿಲ್ಲ, ಉತ್ತರದ ‘ಹನ್ನಾ’ಕ್ಕಿರುವ ಕಪ್ಪು ಅಂಚು ಅವಕ್ಕಿಲ್ಲ.

ಪ್ರಭೇದ ಬೇರೆಯೆಂದು ತೀರ್ಮಾನವಾದ ಕೂಡಲೇ ಹೊಸ ಹೆಸರಿಡುವ ಹಕ್ಕು ಬರುವುದಿಲ್ಲ. ಪ್ರಾಣಿಗಳ ವೈಜ್ಞಾನಿಕ ಹೆಸರುಗಳ ಲೆಕ್ಕ ಶುರುವಾಗುವ 1758ರಿಂದ ಈಚೆಗೆ ಯಾರಾದರೂ ಆ ಪ್ರಾಣಿಗೆ ನಿಯಮಬದ್ಧವಾಗಿ ಹೆಸರಿಟ್ಟಿದ್ದರೆ ಮನ್ನಣೆ ಮೊದಲಿನ ಹೆಸರಿಗೇ. ಆದ್ದರಿಂದ ನಮ್ಮ ಕೆಲಸದ ಬಹುಪಾಲು ಹಳೆಯ ಲ್ಯಾಟಿನ್, ಜರ್ಮನ್, ಫ್ರೆಂಚ್ ಪುಟಗಳ ಧೂಳಿನಲ್ಲೇ ಕಳೆಯುತ್ತದೆ. ಜಾವಾದ ಕಾಳಿಂಗಕ್ಕೆ ಪ್ರಾಣಿಶಾಸ್ತ್ರಜ್ಞ ಶ್ಲೆಗೆಲ್ 1837ರಲ್ಲೇ ಇಟ್ಟಿದ್ದ ‘ಬಂಗಾರಸ್’ ಎಂಬ ಹೆಸರು ಮೂಲೆಗುಂಪಾಗಿತ್ತು, ಅದಕ್ಕೇ ಮರುಜೀವ ಬಂತು. ಫಿಲಿಪ್ಪೀನ್ಸ್‌ನ ಲೂಝಾನ್ ದ್ವೀಪದ ಹಾವಿಗೂ ನಮ್ಮದಕ್ಕೂ ಅಂಥ ಹಳೆಯ ಹೆಸರು ಇರಲಿಲ್ಲವಾದ್ದರಿಂದ ಅದು ‘ಸಾಲ್ವಟಾನಾ’ ಆಯಿತು, ಇದು ಕನ್ನಡದ ‘ಕಾಳಿಂಗ’ವನ್ನೇ ಪಡೆಯಿತು. ಕುಂಬಾರನಂತೆ ಮೊಟ್ಟೆಗಳಿಗೆ ಕೆಸರು ಮೆತ್ತುವ ಉತ್ತರ ಕನ್ನಡದ ಕಪ್ಪೆಗೂ 2014ರಲ್ಲಿ ಹೀಗೆಯೇ ‘ಕುಂಬಾರ’ ಎಂಬ ಹೆಸರು ದಕ್ಕಿತ್ತು.

ಹಿರಿಯರಿಗೆ ಇದೆಲ್ಲಕ್ಕಿಂತ ಮನಸ್ಸಿಗೆ ನಾಟಿದ್ದು ವಿಷದ ಮಾತು. ನಮ್ಮಲ್ಲಿ ಬಳಕೆಯಲ್ಲಿರುವ ಪ್ರತಿವಿಷವನ್ನು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷದಿಂದ ತಯಾರಿಸುತ್ತಾರೆ. ಕಾಳಿಂಗ ಅದರಲ್ಲಿ ಸೇರಿಲ್ಲ. ಕಾಳಿಂಗಕ್ಕೆಂದೇ ಪ್ರತಿವಿಷ ತಯಾರಾಗುವುದು ಥಾಯ್ಲೆಂಡಿನಲ್ಲಿ, ಅಲ್ಲಿನ ಹಾವುಗಳ ವಿಷದಿಂದ. ಎರಡೂ ಕಡೆಯದು ಒಂದೇ ಪ್ರಭೇದವೆಂದು ನಂಬಿದ್ದಷ್ಟು ಕಾಲ ಆ ಔಷಧ ಇಲ್ಲಿಯ ಕಡಿತಕ್ಕೂ ಅಷ್ಟೇ ಒದಗುತ್ತದೆಯೆಂದು ಭಾವಿಸಲು ಅಡ್ಡಿಯಿರಲಿಲ್ಲ. ಈಗ ಅದನ್ನು ಘಟ್ಟದ ಹಾವಿನ ವಿಷಕ್ಕೆ ಒಡ್ಡಿ ಪ್ರತ್ಯೇಕವಾಗಿ ಪರೀಕ್ಷಿಸಲೇಬೇಕು. ‘ಹಾಗಾದರೆ ಅಟ್ಟದ ಮೇಲಿರುವುದಕ್ಕೆ ಔಷಧವೇ ಇಲ್ಲ ಅನ್ನಿ’ ಎಂದು ಹಿರಿಯರು ಖಾಲಿ ಲೋಟ ಕೆಳಗಿಟ್ಟರು.