ಜೂನ್ ತಿಂಗಳಲ್ಲೇ ಸಾಕಾಗಿದೆ, ಏನು ಮಾಡಲಿ?

ಪ್ರಶ್ನೆ: ಬೆಂಗಳೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ಶಿಕ್ಷಕಿಯಾಗಿದ್ದೇನೆ. ದಾಖಲಾತಿ, ಪಠ್ಯಪುಸ್ತಕ ವಿತರಣೆ, ಎಸ್‌ಎಟಿಎಸ್ (ಮಕ್ಕಳ ವಿವರಗಳ ಆನ್‌ಲೈನ್ ದಾಖಲೆ) ನಮೂದು, ಬಿಸಿಯೂಟದ ಲೆಕ್ಕ, ಇವುಗಳ ನಡುವೆ ಪಾಠ. ಮೆಜೆಸ್ಟಿಕ್‌ನಲ್ಲಿ ಬಸ್ ಬದಲಿಸಿ ಮನೆ ಸೇರಿದರೂ ತಲೆಯಲ್ಲಿ ಶಾಲೆಯೇ. ನಿದ್ದೆ ಬರುವುದಿಲ್ಲ. ಈ ಕೆಲಸಕ್ಕೆ ನಾನು ತಕ್ಕವಳಲ್ಲವೇ?

ಉತ್ತರ: ಖಂಡಿತ ತಕ್ಕವರು. ಜೂನ್‌ನಲ್ಲಿ ಹತ್ತು ಕೆಲಸಗಳು ಒಟ್ಟಿಗೆ ಮೈಮೇಲೆ ಬೀಳುತ್ತವೆ. ದಣಿವಿಗೆ ಕಾರಣ ಅದು, ನಿಮ್ಮ ಯೋಗ್ಯತೆಯಲ್ಲ.

ಮೊದಲು, ಪಾಠ ಹಿಂದೆ ಬೀಳುತ್ತಿದೆ ಎಂಬ ಭಯ ಬಿಡಿ. ವರ್ಷದ ಆರಂಭದಲ್ಲಿ ಸೇತುಬಂಧ, ಅಂದರೆ ಹಿಂದಿನ ತರಗತಿಯ ಕಲಿಕೆಯ ಕೊರತೆ ತುಂಬುವ ಪಾಠಗಳು, ಇರುವುದೇ ಅದಕ್ಕಾಗಿ. ಅದಕ್ಕೂ ಮೊದಲು ನಡೆಸುವ ಪೂರ್ವ ಪರೀಕ್ಷೆಯ ಹಾಳೆಗಳಲ್ಲಿ ಬರೀ ಅಂಕ ನೋಡಬೇಡಿ, ತಪ್ಪುಗಳನ್ನು ಓದಿ. ಐದನೇ ತರಗತಿಯ ಮಗು 42ರಿಂದ 17 ಕಳೆದು 35 ಎಂದು ಬರೆದಿದೆ ಎನ್ನಿ. ಏಳರಿಂದ ಎರಡು, ನಾಲ್ಕರಿಂದ ಒಂದು, ಹೀಗೆ ದೊಡ್ಡದರಿಂದ ಚಿಕ್ಕದನ್ನು ಕಳೆದಿದೆ ಅಷ್ಟೆ. ಆ ಮಗುವಿಗೆ ಕಳೆಯುವುದು ಗೊತ್ತು, ದಶಕ ಬಿಡಿಸುವುದು ಗೊತ್ತಿಲ್ಲ. ಹತ್ತು ಕಡ್ಡಿಗಳ ಕಟ್ಟು ಬಿಚ್ಚಿ ತೋರಿಸಿದರೆ ಕೆಲವೇ ದಿನಗಳಲ್ಲಿ ದಾರಿಗೆ ಬರುತ್ತದೆ. ‘ಈ ತರಗತಿಗೆ ಏನೂ ಬರುವುದಿಲ್ಲ’ ಎಂಬ ಮಾತು ಶಿಕ್ಷಕರನ್ನು ಕುಗ್ಗಿಸುತ್ತದೆ. ‘ಇಂಥ ಮಕ್ಕಳಿಗೆ ಇಂಥದ್ದು ಬರುವುದಿಲ್ಲ’ ಎಂದು ತಿಳಿದ ಕ್ಷಣ ಕೈಗೆ ಕೆಲಸ ಸಿಗುತ್ತದೆ. ನನ್ನ ಮಟ್ಟಿಗೆ ಜೂನ್‌ನಲ್ಲಿ ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿಲ್ಲ.

ದಾಖಲೆ ಕೆಲಸವನ್ನು ಒಬ್ಬರೇ ಹೊರಬೇಡಿ. ಕಂಪ್ಯೂಟರ್ ಬಲ್ಲವರೆಂಬ ಕಾರಣಕ್ಕೆ ಇಡೀ ಶಾಲೆಯ ನಮೂದು ನಿಮ್ಮ ಪಾಲಿಗೆ ಬಂದಿದ್ದರೆ, ಶಿಕ್ಷಕರ ಸಭೆಯಲ್ಲೇ ಮುಖ್ಯ ಶಿಕ್ಷಕರಿಗೆ ಹೇಳಿ ಹಂಚಿಸಿಕೊಳ್ಳಿ. 2009ರ ಶಿಕ್ಷಣ ಹಕ್ಕು ಕಾಯ್ದೆ ಶಿಕ್ಷಕರಿಗೆ ವಾರಕ್ಕೆ ಕನಿಷ್ಠ 45 ಗಂಟೆ ಎಂದು ಹೇಳುವಾಗ ಪಾಠದ ತಯಾರಿಯನ್ನೂ ಅದರಲ್ಲೇ ಸೇರಿಸಿದೆ. ಹಾಗಾಗಿ ತಯಾರಿಯೂ ಕೆಲಸವೇ. ಅದಕ್ಕೆ ಶಾಲೆಯಲ್ಲೇ ಒಂದು ಅವಧಿ ಕೇಳುವುದರಲ್ಲಿ ಸಂಕೋಚ ಬೇಡ.

ದನಿಯ ಬಗ್ಗೆಯೂ ಗಮನವಿರಲಿ. ಬೇಸಿಗೆ ರಜೆಯ ನಂತರ ದಿಢೀರನೆ ಇಡೀ ದಿನ ಕೂಗಿದರೆ ಗಂಟಲು ಕಟ್ಟುತ್ತದೆ. ಮಕ್ಕಳನ್ನು ಹತ್ತಿರ ಕೂರಿಸಿಕೊಳ್ಳಿ, ಆಗಾಗ ನೀರು ಕುಡಿಯಿರಿ. ಮೂರು ವಾರವಾದರೂ ದನಿ ಸರಿಹೋಗದಿದ್ದರೆ ಕಿವಿ, ಮೂಗು, ಗಂಟಲು ತಜ್ಞರಿಗೆ ತೋರಿಸಿ.

ಎರಡು ವಾರ ಕಳೆದರೂ ನಿದ್ದೆ ಬಾರದಿದ್ದರೆ, ಬೆಳಿಗ್ಗೆ ಶಾಲೆಯನ್ನು ನೆನೆದೇ ಅಳು ಬರುತ್ತಿದ್ದರೆ, ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತನಾಡಬಹುದು. 2022ರಲ್ಲಿ ಆರಂಭವಾದ ಈ ಸೇವೆಯ ಮುಖ್ಯ ಕೇಂದ್ರ ನಮ್ಮ ನಿಮ್ಹಾನ್ಸ್. ಆ ಹೆಸರು ಕೇಳಿದೊಡನೆ ಹಿಂಜರಿಯುವವರು ಈ ಊರಿನಲ್ಲಿ ಇನ್ನೂ ಇದ್ದಾರೆ. ನೀವು ಅವರ ಮಾತಿಗೆ ಕಿವಿಗೊಡಬೇಡಿ. ಜ್ವರ ಬಂದರೆ ರಜೆ ಹಾಕಿ ವೈದ್ಯರ ಬಳಿ ಹೋಗುವವರು ಇದಕ್ಕೂ ಹೋಗಬಹುದು.