ಪೆಲೆಟ್‌ಗೆ ಹೆಸರಿಡುವ ಮುಂಚೆ

"ಮೇಡಂ, ಮೈಟೊಕಾಂಡ್ರಿಯ ಸಿಕ್ತು!" ಲ್ಯಾಬಿನಲ್ಲಿ ವರ್ಷಕ್ಕೆ ಹತ್ತು ಸಲವಾದರೂ ಈ ಮಾತು ನನ್ನ ಕಿವಿಗೆ ಬೀಳುತ್ತದೆ. ಮೈಟೊಕಾಂಡ್ರಿಯ ಎಂದರೆ ಜೀವಕೋಶಕ್ಕೆ ಶಕ್ತಿ ಒದಗಿಸುವ ಪುಟ್ಟ ಭಾಗಗಳು. ಜೊತೆಗೆ ಇನ್ನೇನು ಸಿಕ್ಕಿದೆ ಎಂದು ಕೇಳಿದರೆ ಉತ್ತರ ಇರುವುದಿಲ್ಲ.

ಇಲಿಯ ಲಿವರ್ ಅರೆದು, ಸೆಂಟ್ರಿಫ್ಯೂಜ್ ಎಂಬ ಯಂತ್ರದಲ್ಲಿ 600 ಜಿ (ಭೂಮಿಯ ಸೆಳೆತದ 600 ಪಟ್ಟು) ಬಲದಲ್ಲಿ ತಿರುಗಿಸಿ ಕೋಶಗಳ ನ್ಯೂಕ್ಲಿಯಸ್ ತೆಗೆದು, ಮೇಲಿನ ದ್ರವವನ್ನು 10,000 ಜಿಯಲ್ಲಿ ತಿರುಗಿಸಿದರೆ ತಳದಲ್ಲಿ ಕಂದು ಪೆಲೆಟ್ (ಗಟ್ಟಿ ಗಸಿ) ಕೂರುತ್ತದೆ. ಪುಸ್ತಕದ ಚಿತ್ರದಲ್ಲಿ ಅದರ ಪಕ್ಕ 'ಮೈಟೊಕಾಂಡ್ರಿಯ' ಎಂದಿರುತ್ತದೆ. ಹುಡುಗರು ಟ್ಯೂಬಿನ ಮೇಲೂ ಅದನ್ನೇ ಬರೆದುಬಿಡುತ್ತಾರೆ.

ಸೆಂಟ್ರಿಫ್ಯೂಜ್‌ಗೆ ಯಾರ ಹೆಸರೂ ಗೊತ್ತಿಲ್ಲ. ಅದು ನೋಡುವುದು ಗಾತ್ರ ಮತ್ತು ಸಾಂದ್ರತೆ ಅಷ್ಟೇ. ಜರಡಿ ಹಿಡಿದರೂ ಅಕ್ಕಿಕಾಳಿನಷ್ಟೇ ದಪ್ಪದ ಕಲ್ಲು ಅಕ್ಕಿಯಲ್ಲೇ ಉಳಿಯುತ್ತದೆ, ಅಲ್ವಾ? ಹಾಗೆಯೇ ಕೋಶದೊಳಗಿನ ಬೇರೆ ಪುಟ್ಟ ಚೀಲಗಳಾದ ಲೈಸೊಸೋಮ್, ಪೆರಾಕ್ಸಿಸೋಮ್ ಕೂಡ ಮೈಟೊಕಾಂಡ್ರಿಯದ ಜೊತೆಗೇ ಇಳಿಯುತ್ತವೆ. ಅಷ್ಟೇ ಅಲ್ಲ, ತಿರುಗಿಸುವ ಮುಂಚೆಯೇ ತಳದ ಹತ್ತಿರ ಇದ್ದ ಸಣ್ಣ ಚೂರುಗಳಿಗೆ ಜಾಸ್ತಿ ದೂರ ಹೋಗುವ ಕೆಲಸವೇ ಇಲ್ಲ. ಅವೂ ಸೇರಿಕೊಳ್ಳುತ್ತವೆ. ಟ್ಯೂಬ್ ಓರೆ ಮಾಡಿ ನೋಡಿ: ಕಂದು ಪೆಲೆಟ್ ಮೇಲೆ ಬಿಳಿಚಿದ, ಸಡಿಲವಾದ ಪದರವೊಂದು ಮೆಲ್ಲಗೆ ಜಾರುತ್ತದೆ. ಅದನ್ನೂ ಕಲಕಿ ಬಳಸುವವರಿದ್ದಾರೆ!

ಕೋಶವಿಜ್ಞಾನಿ ಕ್ರಿಶ್ಚಿಯನ್ ಡಿ ಡ್ಯೂವ್‌ಗೆ ಲೈಸೊಸೋಮ್ ಸಿಕ್ಕಿದ್ದು ಇದೇ ಪೆಲೆಟ್‌ನಲ್ಲಿ. 1949ರಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ ಅವರ ತಂಡ ಮೆಲ್ಲಗೆ ಅರೆದ ಲಿವರ್‌ನಲ್ಲಿ ಆ್ಯಸಿಡ್ ಫಾಸ್ಫಟೇಸ್ ಎಂಬ ಎನ್‌ಜೈಮ್ ಅಳೆದಾಗ, ಬರಬೇಕಾದ್ದರ ಹತ್ತನೇ ಒಂದು ಪಾಲು ಮಾತ್ರ ಬಂತು. ಐದು ದಿನ ಫ್ರಿಜ್‌ನಲ್ಲಿಟ್ಟು ಮತ್ತೆ ಅಳೆದರೆ ಏರಿತ್ತು. ಎನ್‌ಜೈಮ್ ಯಾವುದೋ ಚೀಲದೊಳಗಿತ್ತು, ಚೀಲ ಹರಿದ ಮೇಲೆ ಅಳತೆಗೆ ಸಿಕ್ಕಿತು. ಮೊದಮೊದಲು ಆ ಚೀಲ ಮೈಟೊಕಾಂಡ್ರಿಯವೇ ಎಂದುಕೊಂಡರು. ಅದು ಬೇರೆಯೇ ಎಂದು ತೋರಿಸಿ, ಲೈಸೊಸೋಮ್ ಎಂದು ಹೆಸರಿಟ್ಟದ್ದು 1955ರಲ್ಲಿ.

ನಮ್ಮ ಲ್ಯಾಬಿನ ಹುಡುಗಿಯೊಬ್ಬಳು ಮೂರು ತಿಂಗಳು ಒಂದು ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಎನ್‌ಜೈಮ್) ಹಿಂದೆ ಬಿದ್ದಿದ್ದಳು. ಅದು ಮೈಟೊಕಾಂಡ್ರಿಯದ್ದೇ ಎಂದು ಗಟ್ಟಿಯಾಗಿ ನಂಬಿದ್ದಳು. ಸಾಂದ್ರತೆಯ ಪ್ರಕಾರ ಬೇರ್ಪಡಿಸುವ ಪರ್ಕಾಲ್ ಗ್ರೇಡಿಯಂಟ್ ಎಂಬ ದ್ರಾವಣದ ಮೇಲೆ ಪೆಲೆಟ್ ಹಾಕಿದೆವು. ಪ್ರೋಟಿಯೇಸ್ ಮೈಟೊಕಾಂಡ್ರಿಯದ ಗುರುತಾದ ಸೈಟೊಕ್ರೋಮ್ ಆಕ್ಸಿಡೇಸ್ ಜೊತೆ ಹೋಗಲಿಲ್ಲ, ಲೈಸೊಸೋಮ್‌ನ ಗುರುತಾದ ಆ್ಯಸಿಡ್ ಫಾಸ್ಫಟೇಸ್ ಜೊತೆ ಹೋಯಿತು. ಪಾಪ, ಸುಮ್ನೆ ಕೂತುಬಿಟ್ಟಳು. ಅವಳ ಶ್ರಮ ನೆನೆದು ನನಗೂ ಸಂಕಟವಾಯಿತು. ಮೊದಲ ವಾರದಲ್ಲೇ ಈ ಎರಡು ಎನ್‌ಜೈಮ್ ಅಳೆದಿದ್ದರೆ ಆಗಲೇ ಅನುಮಾನ ಬರುತ್ತಿತ್ತು.

ಅಳೆಯುವಾಗ ಪೆಲೆಟ್ ಒಂದನ್ನೇ ಅಳೆದರೆ ಸಾಲದು. ಅರೆದ ಲಿವರ್‌ನಲ್ಲಿ ಒಟ್ಟು ಎಷ್ಟಿತ್ತು, ಪ್ರತಿ ಭಾಗಕ್ಕೆ ಎಷ್ಟು ಹೋಯಿತು, ಲೆಕ್ಕ ಕೂಡುತ್ತದೆಯೇ ನೋಡಿ. ಲಿವರ್‌ಗೆ ಹೇಳಿದ್ದು ಬೇರೆ ಅಂಗಾಂಶಕ್ಕೆ ಹೊಂದದೇ ಇರಬಹುದು. ಮೆದುಳಿನಲ್ಲಾದರೆ ಇದೇ ಪೆಲೆಟ್‌ನಲ್ಲಿ ನರತುದಿಗಳ ಚೂರುಗಳೂ ಬರುತ್ತವೆ.

ಆ ಹುಡುಗಿ ಈಗ ಟ್ಯೂಬಿನ ಮೇಲೆ '10,000 ಜಿ ಪೆಲೆಟ್' ಎಂದಷ್ಟೇ ಬರೆಯುತ್ತಾಳೆ.